ಹೊತ್ತ ಹೊಟ್ಟೆಯ ಲೆಕ್ಕ

ಕ್ಲೋನ್ ಮಾಡಿದ, ಅಂದರೆ ಇನ್ನೊಂದು ಹಂದಿಯ ಜೀವಕೋಶದಿಂದ ಅದರದೇ ಪ್ರತಿಯಾಗಿ ಹುಟ್ಟಿಸಿದ ಹಂದಿಯ ಮಾಂಸ ತಿಂದರೆ ನಮಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಕೇಳುವುದು ಇದೊಂದನ್ನೇ. ನಾನು ಕ್ಲೋನ್ ಮಾಂಸ ಬೇಡ ಅನ್ನುವವಳು. ನನ್ನ ಕಾರಣ ಬೇರೆ. ತಿನ್ನುವವರ ಹೊಟ್ಟೆಯ ಬಗ್ಗೆ ಸಾಕಷ್ಟು ಜನ ಯೋಚಿಸಿದ್ದಾರೆ. ಹೊರುವವಳ ಹೊಟ್ಟೆಯ ಬಗ್ಗೆ ನನಗೆ ಮಾತಾಡಬೇಕಿದೆ.

ಕೊಡಗಿನ ಮೂರ್ನಾಡಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಮನೆ ಹಿಂದೆ ಹಂದಿಗೂಡು, ಅದರ ಪಕ್ಕದಲ್ಲೇ ಕೊಟ್ಟಿಗೆ. ಮದುವೆಗೆ, ಹುತ್ತರಿ, ಕೈಲ್‌ಪೊಳ್ದು ಹಬ್ಬಗಳಿಗೆ ಸುತ್ತಮುತ್ತಲಿನ ಮನೆಯವರು ತಿಂಗಳ ಮೊದಲೇ ನಮ್ಮಲ್ಲಿ ಹಂದಿ ಹೇಳಿಟ್ಟಿರುತ್ತಾರೆ. ನನ್ನ ಅಜ್ಜನ ಕಾಲದಲ್ಲಿ ಪಂದಿ ಕರಿ, ಅಂದರೆ ನಮ್ಮ ಹಂದಿ ಸಾರು, ಮಾಡುತ್ತಿದ್ದದ್ದು ಕಾಡು ಹಂದಿಯಿಂದ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರ ಹಂದಿಯೇ ಗತಿ. ಸಾರಿಗೆ ಹಾಕುವ ಕಾಚಂಪುಳಿ ಹುಳಿ ಅದೇ, ಜೊತೆಗೆ ತಿನ್ನುವ ಅಕ್ಕಿ ಕಡಂಬುಟ್ಟು ಅದೇ. ಹಂದಿ ಮಾತ್ರ ಕಾಡಿನಿಂದ ಗೂಡಿಗೆ ಬಂತು. ಹಾಗೆ ಬಂದ ಮೇಲೆ ಅದರ ಹುಟ್ಟು, ಬಾಳು, ಸಾವು ಎಲ್ಲವೂ ನಮ್ಮ ಜವಾಬ್ದಾರಿ ಆಯಿತು ಅಲ್ವಾ?

ನನ್ನ ತಂಗಿಯ ಮಗ ಹಾಸನದಲ್ಲಿ ವೆಟರ್ನರಿ ಓದುತ್ತಿದ್ದಾನೆ. ರಜೆಗೆ ಬಂದಾಗ ನಮ್ಮ ಕರಿ ಹಂದಿಯನ್ನು ನೋಡುತ್ತಾ ನಿಂತಿದ್ದ. ಒಳ್ಳೆಯ ತಾಯಿ ಹಂದಿ ಅದು. ಮರಿಗಳ ಪಕ್ಕ ಮಲಗುವಾಗ ಮೊದಲು ಮೂತಿಯಿಂದ ಎಲ್ಲವನ್ನೂ ಆಚೆ ಸರಿಸಿ, ಆಮೇಲೆ ನಿಧಾನಕ್ಕೆ ಮಂಡಿ ಊರುತ್ತದೆ.

"ದೊಡ್ಡಮ್ಮ, ಇದರ ಕಿವಿಯಿಂದ ಒಂಚೂರು ಚರ್ಮ ತೆಗೆದರೆ ಸಾಕು. ಇಂಥದ್ದೇ ಇನ್ನೊಂದನ್ನು ಮಾಡಬಹುದು," ಅಂದ.

"ಮಾಡುವುದು ಎಲ್ಲಿ?"

"ಲ್ಯಾಬಲ್ಲಿ."

"ಬೆಳೆಯುವುದು?"

"ಇನ್ನೊಂದು ಹಂದಿಯ ಹೊಟ್ಟೆಯಲ್ಲಿ."

ಆ ಇನ್ನೊಂದು ಹಂದಿಯ ಬಗ್ಗೆ ಕೇಳಿದೆ. ಅವನ ಹತ್ತಿರ ಹೇಳುವುದಕ್ಕೆ ಜಾಸ್ತಿ ಇರಲಿಲ್ಲ. ಹುಡುಗ ಜಾಣ, ಪ್ರಾಣಿಗಳ ಮೇಲೆ ಪ್ರೀತಿ ಇರುವವನು. ಆದರೂ ಪಾಠದಲ್ಲಿ ಆ ಹಂದಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಇರಲಿಲ್ಲ ಅಂತ ಕಾಣುತ್ತದೆ. ಅಲ್ಲಿಂದ ನಾನು ಓದುವುದಕ್ಕೆ ಶುರು ಮಾಡಿದೆ. ನನಗೆ ತಿಳಿಯದ್ದನ್ನು ಅವನೂ ತಿಳಿಸಿಕೊಟ್ಟ.

ಕೆಲಸ ನಡೆಯುವುದು ಹೀಗೆ. ಬೇಕಾದ ಪ್ರಾಣಿಯ ಮೈಯಿಂದ ಒಂದು ಜೀವಕೋಶ ತೆಗೆಯುತ್ತಾರೆ. ಇನ್ನೊಂದು ಹೆಣ್ಣು ಪ್ರಾಣಿಯ ಅಂಡ ತೆಗೆದು, ಅದರೊಳಗಿನ ತಿರುಳನ್ನು ಹೊರಗೆ ಹಾಕಿ, ಆ ಜಾಗಕ್ಕೆ ಈ ಜೀವಕೋಶವನ್ನು ಸೇರಿಸುತ್ತಾರೆ. ಸಣ್ಣ ಕರೆಂಟ್ ಕೊಟ್ಟು ಎರಡನ್ನೂ ಒಂದು ಮಾಡುತ್ತಾರೆ. ಅದು ಭ್ರೂಣವಾಗಿ ಬೆಳೆದರೆ ಮೂರನೇ ಒಂದು ಹೆಣ್ಣು ಪ್ರಾಣಿಯ ಗರ್ಭಕ್ಕೆ ಹಾಕುತ್ತಾರೆ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಕುರಿ ಹೀಗೇ ಬಂದದ್ದು. 277 ಅಂಡಗಳಿಗೆ ಜೀವಕೋಶ ಸೇರಿಸಿದ್ದರು. ಗರ್ಭಕ್ಕೆ ಹಾಕುವಷ್ಟು ಬೆಳೆದದ್ದು 29. ಅವನ್ನು 13 ಕುರಿಗಳಿಗೆ ಹಾಕಿದರು. ಹುಟ್ಟಿದ್ದು ಒಂದೇ ಮರಿ. ಲೋಕಕ್ಕೆಲ್ಲ ಡಾಲಿಯ ಹೆಸರು ಗೊತ್ತು. ಉಳಿದ 12 ಕುರಿಗಳ ಬಗ್ಗೆ ಯಾರಾದರೂ ಕೇಳಿದ್ದೀರಾ?

ಇದೆಲ್ಲ ವಿದೇಶದ ಮಾತು ಅಂತ ಬಿಡುವ ಹಾಗೂ ಇಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ಎಮ್ಮೆಯ ಮೊದಲ ಕ್ಲೋನ್ ಕರು ಹುಟ್ಟಿತು. ಕೆಲವೇ ದಿನ ಬದುಕಿತು. ಅದೇ ವರ್ಷ ಜೂನ್‌ನಲ್ಲಿ ಗರಿಮಾ ಅನ್ನುವ ಕರು ಹುಟ್ಟಿತು, ಅದು ಸುಮಾರು ಎರಡು ವರ್ಷ ಇತ್ತು. 2010ರಲ್ಲಿ ಬಂದ ಎರಡನೇ ಗರಿಮಾ ಚೆನ್ನಾಗಿ ಬೆಳೆದು 2013ರಲ್ಲಿ ತಾನೇ ಒಂದು ಕರು ಹಾಕಿತು. 2015ರಲ್ಲಿ ಹಿಸಾರ್‌ನ ಎಮ್ಮೆ ಸಂಶೋಧನಾ ಸಂಸ್ಥೆಯವರು ಮುರ್ರಾ ತಳಿಯ ಒಂದು ಕೋಣದ ಕ್ಲೋನ್ ಮಾಡಿ ಹಿಸಾರ್ ಗೌರವ್ ಅಂತ ಹೆಸರಿಟ್ಟರು. 2023ರ ಮಾರ್ಚ್‌ನಲ್ಲಿ ಕರ್ನಾಲ್‌ನಲ್ಲೇ ಗಂಗಾ ಹುಟ್ಟಿತು, ಗಿರ್ ತಳಿಯ ಹೆಣ್ಣು ಕರು. ಜೀವಕೋಶ ಗಿರ್ ಹಸುವಿನ ಬಾಲದಿಂದ, ಅಂಡ ಸಾಹಿವಾಲ್ ಹಸುವಿನಿಂದ, ಹೊತ್ತದ್ದು ಒಂದು ಮಿಶ್ರತಳಿ ಹಸು. ಗಂಗಾ ಹುಟ್ಟುವಾಗ 32 ಕಿಲೋ ತೂಗುತ್ತಿತ್ತು ಅಂತ ಎಲ್ಲ ಕಡೆ ಬರೆದರು. ಈ ವಿಜ್ಞಾನಿಗಳ ಕೈಚಳಕದ ಬಗ್ಗೆ ನನಗೆ ನಿಜವಾದ ಗೌರವ ಇದೆ. ಹೊತ್ತ ಹಸುವಿನ ಹೆಸರನ್ನೂ ಬರೆದಿದ್ದರೆ ಚೆನ್ನಾಗಿತ್ತು.

ಈಗ ತಿನ್ನುವ ಮಾತಿಗೆ ಬರೋಣ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ವರ್ಷಗಟ್ಟಲೆ ಪರಿಶೀಲಿಸಿ 2008ರ ಜನವರಿಯಲ್ಲಿ ಹೇಳಿತು: ಕ್ಲೋನ್ ಮಾಡಿದ ದನ, ಹಂದಿ, ಆಡುಗಳ ಹಾಲು, ಮಾಂಸ ಬೇರೆ ಪ್ರಾಣಿಗಳದ್ದರಷ್ಟೇ ಸುರಕ್ಷಿತ. ಅವುಗಳ ಮಕ್ಕಳದ್ದೂ ಅಷ್ಟೇ. ಕುರಿಯ ಬಗ್ಗೆ ಮಾತ್ರ ಸಾಕಷ್ಟು ಮಾಹಿತಿ ಇಲ್ಲ ಅಂತ ಬಿಟ್ಟರು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೂ ಆಹಾರದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದಿತು. ಹಂದಿಯ ವಂಶ ಅದೇ, ಸ್ನಾಯು ಅದೇ, ಕೊಬ್ಬು ಅದೇ. ಹಾಗಾಗಿ "ಕ್ಲೋನ್ ತಿಂದರೆ ಕ್ಯಾನ್ಸರ್ ಬರುತ್ತದೆ" ಅಂತ ವಾಟ್ಸಾಪ್‌ನಲ್ಲಿ ಕಳಿಸುವವರ ಜೊತೆ ನಾನು ಸೇರುವುದಿಲ್ಲ. ಸುಳ್ಳು ಹೆದರಿಕೆ ಹಬ್ಬಿಸಿದರೆ, ಆಮೇಲೆ ನಿಜವಾದ ದೂರನ್ನೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಯುರೋಪಿನವರ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹುಟ್ಟುವ ಹೊತ್ತಿನಲ್ಲಿ, ಹುಟ್ಟಿದ ಮೊದಲ ದಿನಗಳಲ್ಲಿ ಕ್ಲೋನ್ ಕರುಗಳ ಕಾಯಿಲೆ, ಸಾವು ಜಾಸ್ತಿ. ಹೊರುವ ಹಸುವಿಗೂ ತೊಂದರೆ ಜಾಸ್ತಿ. ಮಾಸು ಸರಿಯಾಗಿ ಬೆಳೆಯುವುದಿಲ್ಲ. ಗರ್ಭದಲ್ಲಿ ನೀರು ತುಂಬಿಕೊಳ್ಳುತ್ತದೆ. ಕರು ಬೇಕಾದ್ದಕ್ಕಿಂತ ದೊಡ್ಡದಾಗಿ ಬೆಳೆದು ಹೊರಗೆ ಬರಲಾರದೆ ಹೊಟ್ಟೆ ಕೊಯ್ಯಬೇಕಾಗುತ್ತದೆ. ಗಬ್ಬ ನಿಂತಿತು ಅಂದುಕೊಂಡದ್ದು ಮಧ್ಯದಲ್ಲೇ ಹೋಗುತ್ತದೆ.

ಇದನ್ನು ಓದುವಾಗ ನನಗೆ ಅರ್ಥವಾಗದ್ದು ಒಂದೂ ಇರಲಿಲ್ಲ. ನಮ್ಮ ಕೊಟ್ಟಿಗೆಯಲ್ಲೇ ಒಂದು ಸಲ ಚಿಕ್ಕ ಮೈಕಟ್ಟಿನ ಹಸುವಿನ ಹೊಟ್ಟೆಯಲ್ಲಿ ಕರು ದೊಡ್ಡದಾಗಿ ಬೆಳೆದುಬಿಟ್ಟಿತ್ತು. ಜುಲೈ ಮಳೆ, ಕರೆಂಟ್ ಇಲ್ಲ, ಟಾರ್ಚ್ ಬೆಳಕು. ಮುಂಗಾಲು ಕಾಣಿಸಿತು, ತಲೆ ಬರಲಿಲ್ಲ. ಹಸು ನಿಲ್ಲುತ್ತಿತ್ತು, ಮಲಗುತ್ತಿತ್ತು, ಮತ್ತೆ ಏಳುತ್ತಿತ್ತು. ಡಾಕ್ಟರ್ ಬರುವಾಗ ನಡುರಾತ್ರಿ. ಮೊಣಕೈವರೆಗೆ ಕೈ ಹಾಕಿ, ಕರುವಿನ ತಲೆ ತಿರುಗಿಸಿ, ಹಗ್ಗ ಕಟ್ಟಿ, ನಾವೆಲ್ಲ ಸೇರಿ ಹಸು ತಿಣುಕಿದ ಹೊತ್ತಿಗೆ ಸರಿಯಾಗಿ ಎಳೆದೆವು. ಕರು ಉಳಿಯಲಿಲ್ಲ. ಹಸು ಉಳಿಯಿತು. ಬೆಳಗಾಗುವವರೆಗೆ ಅದು ತಲೆ ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತಿತ್ತು. ಹಸು ಸಾಕಿದ ಮನೆಗಳಲ್ಲಿ ಇಂಥ ರಾತ್ರಿ ಯಾವಾಗಲೋ ಒಮ್ಮೆ ಬರುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಇಂಥ ರಾತ್ರಿಗಳು ಜಾಸ್ತಿಯಾಗುತ್ತವೆ ಅಂತ ಮೊದಲೇ ಗೊತ್ತಿರುವ ದಾರಿಯನ್ನು, ಬರೀ ಊಟದ ತಟ್ಟೆಗಾಗಿ, ನಾವೇ ಹುಡುಕಿಕೊಂಡು ಹೋಗಬೇಕಾ?

ಹಂದಿಯ ವಿಷಯದಲ್ಲಿ ಇಷ್ಟು ಕೆಟ್ಟದಾಗಿಲ್ಲ ಅನ್ನುವುದನ್ನೂ ಹೇಳಬೇಕು. ಮರಿ ವಿಪರೀತ ದೊಡ್ಡದಾಗುವ ತೊಂದರೆ ದನ, ಕುರಿಗಳಲ್ಲಿ ಕಂಡಷ್ಟು ಹಂದಿಯಲ್ಲಿ ಕಾಣುವುದಿಲ್ಲ. 2000ದ ಮಾರ್ಚ್‌ನಲ್ಲೇ ಮೊದಲ ಐದು ಕ್ಲೋನ್ ಹಂದಿಮರಿಗಳು ಹುಟ್ಟಿದವು. ಬದುಕಿ ಉಳಿದ ಕ್ಲೋನ್‌ಗಳು ಆಮೇಲೆ ಚೆನ್ನಾಗಿಯೇ ಬಾಳುತ್ತವೆ ಅನ್ನುವುದಕ್ಕೂ ಸಾಕ್ಷಿ ಇದೆ. ಡಾಲಿ ಬಂದ ಅದೇ ಜೀವಕೋಶಗಳಿಂದ ಮಾಡಿದ ಇನ್ನೂ ನಾಲ್ಕು ಕುರಿಗಳನ್ನು ನಾಟಿಂಗ್‌ಹ್ಯಾಮ್‌ನಲ್ಲಿ ಸಾಕಿದ್ದರು. ಅವು ಏಳೆಂಟು ವರ್ಷ ದಾಟಿಯೂ ಆರೋಗ್ಯವಾಗಿದ್ದವು ಅಂತ 2016ರಲ್ಲಿ ವರದಿ ಬಂತು. ಸಂತೋಷ. ಆದರೆ ಹಂದಿಯಲ್ಲೂ ಗರ್ಭಕ್ಕೆ ಹಾಕಿದ ಭ್ರೂಣಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ಉಳಿದವುಗಳನ್ನಷ್ಟೇ ಎಣಿಸಿ ಎಲ್ಲ ಚೆನ್ನಾಗಿದೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಪಕ್ಕದ ತೋಟದ ಅಣ್ಣನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು.

"ನಿಮ್ಮ ತೋಟದ ಕರಿಮೆಣಸು ಏನಕ್ಕ ಮತ್ತೆ? ಒಂದೇ ಬಳ್ಳಿಯಿಂದ ತುಂಡು ಮಾಡಿ ಮಾಡಿ ನೆಟ್ಟದ್ದಲ್ವಾ? ಅದೂ ಕ್ಲೋನೇ. ಬಾಳೆ ಕ್ಲೋನು. ಕಸಿ ಮಾಡಿದ ರೋಬಸ್ಟಾ ಕ್ಲೋನು. ಅದನ್ನೆಲ್ಲ ತಿನ್ನಬಹುದು, ಕುಡಿಯಬಹುದು, ಹಂದಿ ಮಾತ್ರ ಯಾಕೆ ಬೇಡ?"

ಅವರು ಹೇಳಿದ್ದು ನಿಜ. ಪಣಿಯೂರ್ ತಳಿಯ ಮೆಣಸಿನ ಬಳ್ಳಿಯ ಬುಡದಿಂದ ಹಬ್ಬುವ ಕುಡಿಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ ಬೇರು ಬರಿಸುವುದು ನಮಗೆ ಪ್ರತಿ ವರ್ಷದ ಕೆಲಸ. ರೋಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬೇಕು, ಹಾಗಾಗಿ ಬೀಜದಿಂದ ಬಂದ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಚೆನ್ನಾಗಿ ಕಾಯಿ ಬಿಡುವ ಗಿಡದ ಕುಡಿ ತಂದು ಕಸಿ ಕಟ್ಟುವುದು ಅದಕ್ಕೇ. ಕೊಡಗಿನ ಕಿತ್ತಳೆಯ ಒಂದು ಬೀಜದಲ್ಲೂ ಹಲವು ಮೊಳಕೆ ಬರುತ್ತವೆ. ಅವುಗಳಲ್ಲಿ ಬಹುಪಾಲು ತಾಯಿ ಮರದ್ದೇ ಪ್ರತಿ. ಅಂದರೆ ಕ್ಲೋನ್ ಅನ್ನುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ.

ಆದರೆ ಮೆಣಸಿನ ಕುಡಿ ಚೀಲದಲ್ಲೇ ಒಣಗಿದರೆ ನಾನು ಅದನ್ನು ಗೊಬ್ಬರದ ಗುಂಡಿಗೆ ಹಾಕಿ ಇನ್ನೊಂದು ನೆಡುತ್ತೇನೆ. ಅಲ್ಲಿ ಯಾರಿಗೂ ನೋವಿಲ್ಲ. ಆ ಕುಡಿ ಯಾರ ಹೊಟ್ಟೆಯನ್ನೂ ದಾಟಿ ಬರಬೇಕಿಲ್ಲ. ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಅದು ಹೌದು," ಅಂದರು. ಅವರ ಮನೆಯಲ್ಲೂ ದನ ಇದೆ.

ಗಿಡಗಳ ವಿಷಯಕ್ಕೆ ಬಂದದ್ದಕ್ಕೆ ಇನ್ನೊಂದು ಮಾತು. ನಂಜನಗೂಡಿನ ರಸಬಾಳೆಗೆ ಏನಾಯಿತು? ಪನಾಮ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹೋಯಿತು. ಅದಕ್ಕೂ ಮೊದಲು, ಕಳೆದ ಶತಮಾನದ ನಡುವಿನಲ್ಲಿ, ಅಮೆರಿಕಕ್ಕೆಲ್ಲ ರಫ್ತಾಗುತ್ತಿದ್ದ ಗ್ರೋ ಮಿಶೆಲ್ ಬಾಳೆಯೂ ಇದೇ ರೋಗಕ್ಕೆ ಮಾರುಕಟ್ಟೆಯಿಂದ ಮರೆಯಾಯಿತು. ಎಲ್ಲ ಕಂದುಗಳೂ ಒಂದೇ ತಾಯಿಯವು. ಒಂದಕ್ಕೆ ತಡೆಯುವ ಶಕ್ತಿ ಇಲ್ಲ ಅಂದರೆ ಯಾವುದಕ್ಕೂ ಇಲ್ಲ. ನನ್ನ ಗೂಡಿನಲ್ಲಿ ಊರ ಕರಿ ಹಂದಿಯೂ ಇದೆ, ಯಾರ್ಕ್‌ಷೈರ್ ಬಿಳಿ ಹಂದಿಯೂ ಇದೆ, ಎರಡರ ಮಿಶ್ರತಳಿಯೂ ಇದೆ. ಭೇದಿ ಹಬ್ಬಿದರೆ ಕೆಲವು ಮರಿ ಹೋಗುತ್ತವೆ, ಕೆಲವು ಚಿಗುರಿಕೊಳ್ಳುತ್ತವೆ. ಆ ಚಿಗುರಿಕೊಂಡವೇ ನಮ್ಮ ಮುಂದಿನ ವರ್ಷ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಂಡ ಆಫ್ರಿಕನ್ ಹಂದಿ ಜ್ವರ ಆಮೇಲೆ ನಮ್ಮ ಜಿಲ್ಲೆಗೂ ಬಂತು. ಆ ಜ್ವರ ತಳಿ ನೋಡುವುದಿಲ್ಲ, ಹೆಚ್ಚುಕಡಿಮೆ ಎಲ್ಲವನ್ನೂ ಕೊಲ್ಲುತ್ತದೆ. ಆದ್ದರಿಂದ ಅದನ್ನು ನನ್ನ ವಾದಕ್ಕೆ ಎಳೆಯುವುದಿಲ್ಲ. ಆದರೆ ಎಲ್ಲ ರೋಗವೂ ಹಾಗಿಲ್ಲ.

ರುಚಿಯ ಆಸೆಗೆ ಕ್ಲೋನ್ ಮಾಡುತ್ತೇವೆ ಅನ್ನುವವರಿಗೆ ಹಂದಿ ಸಾಕುವವಳಾಗಿ ನಾನು ಒಂದು ಹೇಳಬಲ್ಲೆ. ರುಚಿ ವಂಶದಲ್ಲಿ ಇರುವುದು ಸ್ವಲ್ಪ. ಹಲಸಿನ ಕಾಲದಲ್ಲಿ ಬಿದ್ದ ಹಣ್ಣು ತಿಂದು ಬೆಳೆದ ಹಂದಿಯ ಕೊಬ್ಬಿಗೂ, ವರ್ಷವಿಡೀ ಫೀಡ್ ಮಾತ್ರ ತಿಂದ ಅದರ ಒಡಹುಟ್ಟಿದ ಹಂದಿಯ ಕೊಬ್ಬಿಗೂ ನಮ್ಮ ಮನೆಯಲ್ಲಿ ಮಕ್ಕಳಿಗೂ ವ್ಯತ್ಯಾಸ ಗೊತ್ತಾಗುತ್ತದೆ. 2001ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕಿನ ಬಣ್ಣ ಅದರ ಮೂಲ ಬೆಕ್ಕಿನ ಹಾಗೆ ಇರಲೇ ಇಲ್ಲ. ಬಣ್ಣವನ್ನೇ ಹಾಗೇ ತರಲು ಆಗದಿದ್ದರೆ ರುಚಿಯನ್ನು ತರುವುದು ಹೇಗೆ?

ಹಾಗಂತ ಕ್ಲೋನ್ ವಿದ್ಯೆಯನ್ನೇ ಮುಚ್ಚಿಬಿಡಿ ಅನ್ನುವುದಿಲ್ಲ. ನ್ಯೂಜಿಲೆಂಡಿನ ಎಂಡರ್ಬಿ ದ್ವೀಪದ ದನಗಳ ತಳಿಯಲ್ಲಿ ಕೊನೆಗೆ ಲೇಡಿ ಅನ್ನುವ ಒಂದೇ ಒಂದು ಹಸು ಉಳಿದಿತ್ತು. 1998ರಲ್ಲಿ ಅದರ ಕ್ಲೋನ್ ಮಾಡಿದರು. ಒಂದು ತಳಿಯೇ ಅಳಿಯುತ್ತಿರುವಾಗ ಕೆಲವು ಹಸುಗಳಿಗೆ ಕಷ್ಟ ಕೊಟ್ಟರೂ ಅದಕ್ಕೊಂದು ಅರ್ಥ ಇದೆ ಅಂತ ನನಗೆ ಅನಿಸುತ್ತದೆ. ನಮ್ಮ ಮಲೆನಾಡು ಗಿಡ್ಡ ದನದ ತಳಿಗೆ ಆ ಗತಿ ಬಂದಿಲ್ಲ. ಅದಕ್ಕೆ ಬೇಕಾದದ್ದು ಲ್ಯಾಬ್ ಅಲ್ಲ. ಮೇಯಲು ಜಾಗ, ಕಟ್ಟಲು ಮನಸ್ಸಿರುವ ಮನೆ.

ಇನ್ನು ಹಾಲಿನ ವಿಷಯ. ನಿಜ ಹೇಳಬೇಕಂದ್ರೆ ಕ್ಲೋನ್ ನಮ್ಮ ಅಡುಗೆಮನೆಗೆ ಬರುವುದು ಈ ಬಾಗಿಲಿನಿಂದಲೇ. ಕ್ಲೋನ್ ಮಾಡಿದ ಪ್ರಾಣಿಯನ್ನೇ ಸಾಮಾನ್ಯವಾಗಿ ಕಡಿದು ತಿನ್ನುವುದಿಲ್ಲ. ಅಮೆರಿಕದಲ್ಲಿ ಒಂದು ಕ್ಲೋನ್ ಹಸುವಿಗೆ 15,000 ಡಾಲರ್ ಮೇಲೆ ಖರ್ಚಾಗುತ್ತಿದ್ದ ಕಾಲದಲ್ಲಿ ಅದನ್ನು ಕಸಾಯಿಖಾನೆಗೆ ಕಳಿಸುವವರು ಯಾರಿದ್ದರು? ಅದನ್ನು ತಳಿಗೆ ಇಟ್ಟುಕೊಳ್ಳುತ್ತಾರೆ. ಒಳ್ಳೆಯ ಕೋಣದ ಕ್ಲೋನ್ ಮಾಡಿದರೆ, ಆ ಕೋಣ ಸತ್ತ ಮೇಲೂ ಅದರ ಸೆಮೆನ್, ಅಂದರೆ ವೀರ್ಯ, ಸಿಗುತ್ತಲೇ ಇರುತ್ತದೆ. ಹಿಸಾರ್‌ನವರ ಆಸೆಯೂ ಅದೇ. ಎರಡು ಎಮ್ಮೆ ಕಟ್ಟಿಕೊಂಡ ಬಡ ಮನೆಗೆ ಒಳ್ಳೆಯ ಜಾತಿಯ ಕರು ಸಿಕ್ಕಿದರೆ ಬದುಕು ಸುಧಾರಿಸುತ್ತದೆ ಅನ್ನುವ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕೊಟ್ಟಿಗೆಗೂ ಜರ್ಸಿ ಬಂದದ್ದು ವೀರ್ಯ ತುಂಬಿಟ್ಟ ಸೆಮೆನ್ ಕಡ್ಡಿಯಲ್ಲೇ. ಆ ಹಾಲು ಮಾರಿ ಬಂದ ದುಡ್ಡಿನಲ್ಲಿ ಮಕ್ಕಳ ಫೀಸ್ ಕಟ್ಟಿದ್ದೇವೆ. ಅಪ್ಪ ಕ್ಲೋನ್ ಆಗಿದ್ದರೂ ಕರು ಮಾಮೂಲಿಯಂತೆ ಹುಟ್ಟುತ್ತದೆ, ತಾಯಿಗೆ ಬೇರೆ ತೊಂದರೆ ಇಲ್ಲ. ಅಲ್ಲಿಗೆ ನನ್ನ ಮುಖ್ಯ ಆಕ್ಷೇಪದ ಬಲ ಕಡಿಮೆಯಾಗುತ್ತದೆ. ಒಂದು ಕೋಣಕ್ಕಾಗಿ ಕೆಲವು ಎಮ್ಮೆಗಳು ಪಟ್ಟ ಕಷ್ಟ, ಅದರಿಂದ ಸಾವಿರ ಮನೆಗೆ ಆಗುವ ಉಪಕಾರ. ಇದನ್ನು ತೂಗಿ ನೋಡಬೇಕಾದದ್ದೇ. ಆದರೆ ತೂಗಬೇಕಾದರೆ ಎರಡೂ ತಟ್ಟೆಯಲ್ಲಿ ಏನಿದೆ ಅಂತ ಕಾಣಬೇಕು. ಎಷ್ಟು ಎಮ್ಮೆಗಳಿಗೆ ಭ್ರೂಣ ಹಾಕಿದರು, ಎಷ್ಟು ಗಬ್ಬ ಹೋಯಿತು, ಎಷ್ಟಕ್ಕೆ ಹೊಟ್ಟೆ ಕೊಯ್ದರು ಅನ್ನುವುದು ಕರು ಹುಟ್ಟಿದ ಸುದ್ದಿಯ ಜೊತೆಗೇ ಬರಬೇಕು.

ಜನರಿಗೆ ತಿಳಿಸದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನಲ್ಲಿ 2010ರಲ್ಲಿ ನಡೆದದ್ದು ನೋಡಿ. ಅಮೆರಿಕದ ಒಂದು ಕ್ಲೋನ್ ಹಸುವಿನ ಭ್ರೂಣಗಳನ್ನು ತರಿಸಿ ಅಲ್ಲಿ ಹೋರಿಗಳನ್ನು ಹುಟ್ಟಿಸಿದ್ದರು. ವಿಷಯ ಹೊರಗೆ ಬರುವ ಹೊತ್ತಿಗೆ ಮಾಂಸ ಮಾರಾಟವಾಗಿ ಜನ ತಿಂದಾಗಿತ್ತು. ಯಾರಿಗೂ ಕಾಯಿಲೆ ಬರಲಿಲ್ಲ. ಆದರೂ ಜನರಿಗೆ ಸಿಟ್ಟು ಬಂತು, ಯಾಕಂದ್ರೆ ಯಾರೂ ಅವರನ್ನು ಕೇಳಿರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಸಂಸತ್ತು ಸಾಕುಪ್ರಾಣಿಗಳ ಕ್ಲೋನ್ ಬೇಡ, ಅವುಗಳ ಸಂತತಿಯ ಆಹಾರವೂ ಬೇಡ ಅಂತ 529ಕ್ಕೆ 120 ಮತಗಳಿಂದ ಹೇಳಿತು. ಅದು ಕಾನೂನಾಗಲಿಲ್ಲ. ಆದರೆ ಕ್ಲೋನ್ ಪ್ರಾಣಿಯ ಆಹಾರವನ್ನು ಅಲ್ಲಿ ಅನುಮತಿ ಪಡೆಯದೆ ಮಾರುವ ಹಾಗಿಲ್ಲ. ಅಮೆರಿಕದಲ್ಲಿ ಲೇಬಲ್ ಹಾಕಲೇಬೇಕೆಂಬ ನಿಯಮವೂ ಇಲ್ಲ. ಮಾಂಸ ಒಂದೇ ಅಂದ ಮೇಲೆ ಲೇಬಲ್ ಯಾಕೆ ಅನ್ನುವುದು ಅವರ ವಾದ. ನಮ್ಮ ದೇಶದಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಹಾಕುತ್ತೇವೆ. ಆ ಚುಕ್ಕೆ ಆರೋಗ್ಯಕ್ಕಾಗಿ ಹಾಕಿದ್ದಲ್ಲ. ತಿನ್ನುವವರ ಮನಸ್ಸಿಗೆ ಬೆಲೆ ಕೊಟ್ಟು ಹಾಕಿದ್ದು. ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ಆ ಮಾಂಸ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳುವ ಆಸೆ ಇರುವುದು ತಪ್ಪಾ?

ಹಂದಿ ಮಾಂಸ ನಮ್ಮಲ್ಲಿ ಲೇಬಲ್ ನೋಡಿ ತರುವ ವಸ್ತುವಲ್ಲ. ಯಾರ ಮನೆಯ ಹಂದಿ ಅಂತ ಕೇಳಿ ತರುತ್ತೇವೆ. ಹಾಲು ಹಾಗಲ್ಲ. ಊರಿನ ಹಾಲೆಲ್ಲ ಡೈರಿಯಲ್ಲಿ ಒಂದಾದ ಮೇಲೆ ಯಾವ ಹಸುವಿನದ್ದು ಅಂತ ಕೇಳಿ ಉಪಯೋಗವಿಲ್ಲ. ಆದ್ದರಿಂದ ಕೇಳಬೇಕಾದ ಜಾಗ ಅದಕ್ಕೂ ಮೊದಲೇ ಇದೆ. ಹಸು ಬೆದೆಗೆ ಬಂದಾಗ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಲು ಬರುವವರ ಡಬ್ಬಿಯಲ್ಲಿ ಸೆಮೆನ್ ಕಡ್ಡಿಗಳಿರುತ್ತವೆ ನೋಡಿ, ಪ್ರತಿ ಕಡ್ಡಿಯ ಮೇಲೂ ಹೋರಿಯ ನಂಬರ್, ತಳಿ, ತಯಾರಿಸಿದ ಕೇಂದ್ರ, ತಾರೀಕು ಅಚ್ಚಾಗಿರುತ್ತದೆ. ನಾನು ಅದನ್ನು ಕೇಳಿ ನೋಡಿ, ಕೊಟ್ಟಿಗೆಯ ಪುಸ್ತಕದಲ್ಲಿ ಬರೆದಿಡುತ್ತೇನೆ. ನೀವೂ ಕೇಳಿ, ಅವರು ಬೇಜಾರಿಲ್ಲದೆ ತೋರಿಸುತ್ತಾರೆ. ಹೋರಿ ಕ್ಲೋನ್ ಆಗಿದ್ದರೆ ಆ ನಂಬರಿನ ಪಕ್ಕದಲ್ಲಿ ಒಂದು ಅಕ್ಷರ ಜಾಸ್ತಿ ಅಚ್ಚು ಹಾಕಬೇಕು ಅಂತ ಪಶುಪಾಲನಾ ಇಲಾಖೆಗೆ ಪತ್ರ ಬರೆದಿದ್ದೇನೆ. ತಂಗಿಯ ಮಗನೂ ಅದಕ್ಕೆ ಸಹಿ ಹಾಕಿದ್ದಾನೆ, ಪಕ್ಕದ ತೋಟದ ಅಣ್ಣನೂ ಹಾಕಿದ್ದಾರೆ. ಹಸು ಕಟ್ಟಿರುವವರು ಯಾರು ಬೇಕಾದರೂ ಇದೇ ಮಾತನ್ನು ನಿಮ್ಮ ಊರಿನ ಹಾಲಿನ ಸೊಸೈಟಿಯ ಸಭೆಯಲ್ಲಿ ಎತ್ತಬಹುದು.